ಹೊಳೆಯಮ್ಮನ ಕಲ್ಲು, ನನ್ನ ಹೊಸ ಜಗಲಿ

ಕಳೆದ ವಾರ ಮಂಗಳವಾರ ಬೆಳಿಗ್ಗೆ ನನ್ನ ಷಡ್ಡಕನ ಕಲರ್ ಟಿವಿ ನಮ್ಮ ಮನೆಗೆ ಬಂತು.

ಟ್ರಾಕ್ಟರಿನಲ್ಲಿ, ಎರಡು ಹಾಸಿಗೆಗಳ ನಡುವೆ, ಹಳೇ ಸೀರೆ ಸುತ್ತಿಸಿಕೊಂಡು ಜಂಬವಾಗಿ ಕೂತು ಬಂತು. ಅದರ ಹಿಂದೆ ಅಕ್ಕಿ ಮೂಟೆ, ಪಾತ್ರೆ, ಟ್ರಂಕು, ಮೂರು ಮಕ್ಕಳು, ನನ್ನ ಹೆಂಡತಿ ಸರೋಜಳ ತಂಗಿ ಜಯ. ಕಟ್ಟಕಡೆಗೆ ಟ್ರೈಲರಿಗೆ ಜೋತುಬಿದ್ದುಕೊಂಡು ಜಯಳ ಗಂಡ, ಅಂದರೆ ನನ್ನ ಷಡ್ಡಕ ನಿಂಗರಾಜು.

ಎರಡು ವರ್ಷದಿಂದ ಆ ಟಿವಿ ನಮ್ಮ ಮನೆಯಲ್ಲಿ ಇರಬಾರದಾ ಅಂತ ಹಲುಬಿದವನು ನಾನು. (ನಮ್ಮದು ಬ್ಲಾಕ್ ಅಂಡ್ ವೈಟ್. ಅದೂ ಭಾನುವಾರ ಸಿನಿಮಾ ಶುರುವಾಗುವ ಹೊತ್ತಿಗೇ ಸರಿಯಾಗಿ ಕೈಕೊಡುತ್ತದೆ.) ದೇವರು ಕೇಳಿಸಿಕೊಂಡ. ಆದರೆ ಹೀಗೆ ಕೊಡುತ್ತಾನೆ ಅಂತ ಯಾರಿಗೆ ಗೊತ್ತಿತ್ತು?

ಕನ್ನಂಬಾಡಿ ಕಟ್ಟೆ ತುಂಬಿ ಹೊಳೆಗೆ ನೀರು ಬಿಟ್ಟಿದ್ದರು. ನಿಂಗರಾಜುವಿನ ಹೊಳೆದಂಡೆ ಮನೆಯ ಮೆಟ್ಟಿಲು ಮುಳುಗಿತ್ತು.

"ಅಣ್ಣ, ಇವೆಲ್ಲ ಒಳಿಕೆ ಎತ್ಕೊಳಿ. ಹಸ ಅಲ್ಲೇ ಅವೆ. ಓಗ್ ಬಂದ್ಬುಡ್ತೀನಿ" ಅಂದವನೇ ನಿಂಗರಾಜು ಬಂದ ದಾರಿಯಲ್ಲೇ ಓಡಿದ. ನಾನು ಟಿವಿಯನ್ನು ಯಾವ ಮೂಲೆಯಲ್ಲಿ ಇಟ್ಟರೆ ಚೆನ್ನ ಅಂತ ನೋಡುತ್ತಾ ನಿಂತೆ.

ಸುಳ್ಳು ಹೇಳಲ್ಲ. ಅದನ್ನೇ ನೋಡುತ್ತಾ ನಿಂತಿದ್ದೆ.

ಈ ಅಂಕಣ ಓದುವವರಿಗೆ ನನ್ನ ಗುಣ ಗೊತ್ತು. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಪಕ್ಕದ ಮನೆಯವರ ಕುಕ್ಕರ್ ಕೂಗಿದರೂ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ನಿಂಗರಾಜುವಿನ ವಿಷಯದಲ್ಲಿ ಅದು ಬರೀ ಕಿಚ್ಚಲ್ಲ, ಒಲೆ. ಹನ್ನೊಂದು ವರ್ಷದಿಂದ ಆರಿಲ್ಲ.

ಮೊದಲನೇ ಕಾರಣ, ಅವನು ನನ್ನ ಮಾವನವರಿಗೆ ಸ್ವಂತ ಅಕ್ಕನ ಮಗ. ನಾನು ಕಿಕ್ಕೇರಿಯಿಂದ ಬಂದ ಹೊರಗಿನ ಅಳಿಯ. ಮಾವ ಅವನನ್ನು "ಲೇ ನಿಂಗ" ಅನ್ನುತ್ತಾರೆ. ತಪ್ಪು ಮಾಡಿದರೆ "ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ" ಅಂತ ಬೈಯುತ್ತಾರೆ. ನನಗೆ ಮಾತ್ರ "ಬನ್ನಿ ಮೇಷ್ಟ್ರೆ, ಕೂತ್ಕಳಿ ಮೇಷ್ಟ್ರೆ". ಹನ್ನೊಂದು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ನನ್ನನ್ನು ಬೈದಿಲ್ಲ. ಬೈಸಿಕೊಳ್ಳದ ಅಳಿಯನ ಸಂಕಟ ನಿಮಗೆ ಗೊತ್ತಾ?

ಎರಡನೇ ಕಾರಣ, ಆ ಮನೆ.

ಮಾವನ ಊರು ಶ್ರೀರಂಗಪಟ್ಟಣದಿಂದ ಸ್ವಲ್ಪ ಕೆಳಗೆ, ಹೊಳೆಗೆ ಅಂಟಿಕೊಂಡಿದೆ. (ಹೆಸರು ಬೇಡ. ನಾನಿನ್ನೂ ಅಲ್ಲೇ ಬಾಳಬೇಕು.) ಇಬ್ಬರು ಹೆಣ್ಣುಮಕ್ಕಳಿಗೂ ದಿಣ್ಣೆಯ ಮೇಲೆ ಒಂದೊಂದು ಸೈಟು ಕೊಟ್ಟರು. ದಿಣ್ಣೆ ಅಂದರೆ ಕಲ್ಲು, ಜಾಲಿ, ಓತಿಕ್ಯಾತ, ಮೂರೇ. ಕೆಳಗೆ ಹೊಳೆಯವರೆಗೆ ಮಾವನ ಮೆಕ್ಕಲು ಜಮೀನು. ಹೊಳೆ ಹೊತ್ತು ತಂದ ಕರೀ ಮಣ್ಣು. ಬೇಸಿಗೆಯಲ್ಲಿ ಸೌತೆ, ಕುಂಬಳ, ಸೊಪ್ಪು. ಮಳೆಗಾಲದಲ್ಲಿ ಅದನ್ನು ಖಾಲಿ ಬಿಡುತ್ತಿದ್ದರು.

ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದೆ. "ಮಾವ, ದಿಣ್ಣೆ ಬೇಡ, ಹೊಳೆದಂಡೆಯಲ್ಲೇ ಒಂದು ಮನೆ ಕಟ್ಟಿಕೊಳ್ಳಲಾ?"

"ಬ್ಯಾಡಿ ಮೇಷ್ಟ್ರೆ. ಅದು ಹೊಳೆ ಮೈಚಾಚೋ ಜಾಗ" ಅಂದರು. ನಾನು ಒಳ್ಳೆಯ ಅಳಿಯನಂತೆ ತಲೆಯಾಡಿಸಿ ದಿಣ್ಣೆಯ ಮೇಲೆ ಕಟ್ಟಿದೆ. ಪಾಂಡವಪುರದ ಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆ ಬಂದರೆ ಗಾಳಿಯಿಲ್ಲ, ನೆರಳಿಲ್ಲ.

ಕೆಲವು ವರ್ಷಗಳ ನಂತರ ನಿಂಗರಾಜು ಅದೇ ಜಾಗ ಕೇಳಿದ. ಮಾವ ಬೇಡ ಅಂದರು. ಅವನು ಮತ್ತೆ ಕೇಳಿದ. ಮತ್ತೆ ಬೇಡ ಅಂದರು. ಅವನು ತನ್ನ ಅವ್ವನನ್ನು ಕಳಿಸಿದ. ಮಾವನ ಅಕ್ಕ ಬಂದು ಜಗಲಿ ಮೇಲೆ ಕೂತು ಕಣ್ಣೀರು ಹಾಕಿದ್ದೇ ತಡ, ಮಾವ ಕರಗಿದರು. ನನಗೆ ಇಲ್ಲದ್ದು ಅವನಿಗೆ ಆಯಿತು. ಕಣ್ಣೀರು ಹಾಕಿಸಲು ನಾನು ಕಿಕ್ಕೇರಿಯಿಂದ ಯಾರನ್ನು ಕರೆತರಲಿ?

ಆದರೆ ಒಂದು ತೊಡಕಿತ್ತು. ಹೊಳೆಯಮ್ಮನ ಕಲ್ಲು.

ಮೆಕ್ಕಲು ಜಮೀನು ಮುಗಿದು ದಿಣ್ಣೆ ಶುರುವಾಗುವ ಕಡೆ, ನನ್ನ ಮನೆಯ ಹಿತ್ತಲಿಗೆ ತಾಗಿದಂತೆ, ಮೊಣಕಾಲೆತ್ತರದ ಒಂದು ಕಲ್ಲು. ಮಾವನ ಅಜ್ಜನ ಕಾಲದಲ್ಲಿ ದೊಡ್ಡ ನೆರೆ ಬಂದಾಗ ನೀರು ಎಲ್ಲಿಗೆ ಬಂದು ನಿಂತಿತೋ ಅಲ್ಲಿ ಊರಿನವರು ನೆಟ್ಟಿದ್ದು. ಆಮೇಲೆ ಪ್ರತಿ ವರ್ಷ ಹೊಸ ನೀರು ಬಂದಾಗ ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಡಿಲಕ್ಕಿ ಕೊಟ್ಟು, ಕಾಯಿ ಒಡೆದರು. ಮೂರು ತಲೆಮಾರು ಕಾಯಿ ಒಡೆದ ಮೇಲೆ ಏನಾಗುತ್ತದೆ? ನೀರು ನಿಂತ ಕಡೆ ಕಲ್ಲು ನೆಟ್ಟರು ಅನ್ನೋದು ಮರೆತು ಹೋಯಿತು. ಕಲ್ಲು ಇರುವ ಕಡೆ ನೀರು ನಿಲ್ಲುತ್ತದೆ ಅನ್ನೋದು ಉಳಿಯಿತು.

"ಅಮ್ಮ ಕಲ್ಲು ದಾಟಕಿಲ್ಲ ತಾನೆ?" ಅಂತ ನಿಂಗರಾಜು ಊರಿನವರ ಮುಂದೆ ಕೇಳಿದ. "ದಾಟಕಿಲ್ಲ" ಅಂದರು. "ಅಂಗಾರೆ ಕಲ್ಲನ್ನೇ ತಕ್ಕೊಂಡೋಗಿ ನನ್ನ ಮನೆಯಿಂದ ಕೆಳೀಕೆ ಮಡಗ್ಬುಡನ. ಅಮ್ಮ ಅಲ್ಲೇ ನಿಂತ್ಕತಾಳೆ."

ನಗಬೇಡಿ. ಅವತ್ತು ಯಾರೂ ನಗಲಿಲ್ಲ. ಎಲ್ಲರಿಗೂ ಸರಿ ಅನ್ನಿಸಿತು. ಪೂಜಾರಿ ಒಳ್ಳೆಯ ದಿನ ನೋಡಿಕೊಟ್ಟರು. ತಮಟೆ ಬಂತು. ಎಂಟು ಜನ ಹೆಗಲು ಕೊಟ್ಟರು. ಮೇಲೆ ಕೂತಿದ್ದ ಹೊಳೆಯಮ್ಮನನ್ನು ಮೆರವಣಿಗೆಯಲ್ಲಿ ಕೆಳಕ್ಕೆ ಇಳಿಸಿಕೊಂಡು ಹೋದರು.

ಮಾವನಿಗೆ ಮಾತ್ರ ಸಮಾಧಾನವಿರಲಿಲ್ಲ. ಅವರದು ಬೇರೆ ಲೆಕ್ಕ. ಹೊಳೆ ಏರಿದರೆ ನೀರಿನ ಅಂಚಿಗೆ ಒಂದು ಗೂಟ ಹೊಡೆಯುತ್ತಾರೆ. ಒಂದು ಬೀಡಿ ಸೇದಿ ಬಂದು ನೋಡುತ್ತಾರೆ. ಗೂಟ ಮುಳುಗಿದ್ದರೆ ಮೇಲೆ ಇನ್ನೊಂದು. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ. ಕಲ್ಲು ಇಳಿಸುವ ಮುಂಚೆ ಅವರು ಎಲ್ಲರೆದುರು ನನ್ನ ಕಡೆ ತಿರುಗಿದರು.

"ಮೇಷ್ಟ್ರೆ, ನೀವು ಓದ್ದೋರು. ಏನಂತೀರಿ?"

ನಾನು ಭೂಗೋಳದ ಮೇಷ್ಟ್ರು. ಹಿಂದಿನ ವಾರ ತಾನೆ ಎಂಟನೇ ಕ್ಲಾಸಿಗೆ ಪ್ರವಾಹದ ಬಯಲು ಅಂದರೇನು ಅಂತ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೆ. ನದಿ ಎಂದರೆ ಹರಿಯುವ ನೀರು ಮಾತ್ರವಲ್ಲ, ಅದು ತುಂಬಿದಾಗ ಹರಡುವ ಜಾಗವೂ ನದಿಯೇ ಅಂತ ಜೋರಾಗಿ ಹೇಳಿಕೊಟ್ಟು ನೋಟ್ಸ್ ಬರೆಸಿದ್ದೆ.

ಅವತ್ತು ನಾನು ಏನು ಹೇಳಿದೆ ಗೊತ್ತಾ? "ಒಳ್ಳೇದೇ ಆಗಲಿ ಬಿಡಿ ಮಾವ."

ಯಾಕೆ ಹಾಗಂದೆ? ಬೇಡ ಅಂದಿದ್ದರೆ 'ಮೇಷ್ಟ್ರಿಗೆ ಹೊಟ್ಟೆಕಿಚ್ಚು' ಅನ್ನುತ್ತಿದ್ದರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಸರೋಜ ಅದನ್ನೇ ಅಂದಿದ್ದಳು. "ನಿಮಗೆ ಸಿಗ್ನಿಲ್ವಲ್ಲ, ಅದಕ್ಕೆ ಹೊಳೆ ಬತ್ತದೆ ಅಂತೀರ. ಹೊಟ್ಟೆಕಿಚ್ಚು ಕಣ್ರೀ ನಿಮ್ಗೆ." ಹೊಟ್ಟೆಕಿಚ್ಚಿನವನು ನಿಜ ಹೇಳಿದರೂ ಯಾರು ಕೇಳುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದು ಒಂದು ಕಾರಣ. ಇನ್ನೊಂದನ್ನು ಆಮೇಲೆ ಹೇಳುತ್ತೇನೆ. ಈಗ ಹೇಳಲು ನಾಚಿಕೆ.

ಮನೆ ಎದ್ದಿತು. ಎಂಥ ಮನೆ! ಹೊಳೆಗೆ ಮುಖ ಮಾಡಿದ ಉದ್ದನೆಯ ಜಗಲಿ. ಕಂಬಗಳು. ಹಿಂದೆ ಎರಡು ಸೀಮೆಹಸುಗಳಿಗೆ ಶೆಡ್ಡು. ಸಂಜೆ ಅಲ್ಲಿ ಕೂತರೆ ತಣ್ಣನೆ ಗಾಳಿ, ಬೆಳ್ಳಕ್ಕಿ ಸಾಲು, ದೂರದಲ್ಲಿ ಹರಿಗೋಲು. ಊರಿನವರೆಲ್ಲ ಅಲ್ಲೇ. ನನ್ನ ಮಕ್ಕಳೂ ಅಲ್ಲೇ. ಹೋದ ವರ್ಷ ಸಿನಿಮಾದವರು ಬಂದು ಆ ಜಗಲಿಯ ಮೇಲೆ ಎರಡು ದಿನ ಹಾಡಿನ ಶೂಟಿಂಗ್ ಮಾಡಿದರು. ಹೀರೋಯಿನ್ ಒರಗಿದ ಕಂಬವನ್ನು ನಿಂಗರಾಜು ಇವತ್ತಿಗೂ ನೆಂಟರಿಗೆ ತೋರಿಸುತ್ತಾನೆ. ನನ್ನ ಮನೆಯ ಕಂಬಕ್ಕೆ ಇದುವರೆಗೆ ಒರಗಿದ್ದು ಪೋಸ್ಟ್‌ಮ್ಯಾನ್ ಒಬ್ಬನೇ.

ತಡೆಯಲಾಗಲಿಲ್ಲ. ನಾನೂ ಒಂದು ಜಗಲಿ ಕಟ್ಟಿಸಿದೆ. ಎಲ್ಲಿ? ಹಿತ್ತಲಿನಿಂದ ಮೂರು ಮೆಟ್ಟಿಲು ಇಳಿಸಿ, ಇಳಿಜಾರಿಗೆ, ಹೊಳೆ ಕಾಣುವ ಹಾಗೆ. ಇನ್ನೊಂದು ಕಾರಣ ಅಂದೆನಲ್ಲ, ಅದು ಇದೇ. ಹೊಳೆಯಮ್ಮನ ಕಲ್ಲು ನನ್ನ ಹಿತ್ತಲಿನ ಅಂಚಿನಲ್ಲಿ ಇರುವವರೆಗೆ ನಾನು ಒಂದು ಗೇಣೂ ಮುಂದೆ ಬರುವ ಹಾಗಿರಲಿಲ್ಲ. ಕಲ್ಲು ಕೆಳಗೆ ಹೋದರೆ ನನಗೂ ನಾಲ್ಕು ಮಾರು ಜಾಗ. ಮಾವ ಕೇಳಿದಾಗ ಅದೂ ನನ್ನ ತಲೆಯಲ್ಲಿತ್ತು. ಕಲ್ಲು ಕಿತ್ತ ಗುಂಡಿಯ ಮೇಲೇ ನನ್ನ ಜಗಲಿಗೆ ಸಿಮೆಂಟ್ ಬಿತ್ತು. ಅವತ್ತು ಸಿಮೆಂಟಿನ ಮಂಕರಿ ಹೊತ್ತು ಸಹಾಯಕ್ಕೆ ನಿಂತವನೂ ನಿಂಗರಾಜುವೇ.

ಈಗ ಟಿವಿ ಬಂದ ಹಿಂದಿನ ದಿನಕ್ಕೆ, ಆ ಸೋಮವಾರಕ್ಕೆ ಬರೋಣ.

ನಮ್ಮ ಕಡೆ ಮಳೆಗಾಲದಲ್ಲಿ ಇಬ್ಬರು ಎದುರಾದರೆ ಊಟ ಆಯ್ತಾ ಅಂತ ಕೇಳಲ್ಲ. ಕಟ್ಟೆ ಎಷ್ಟಡಿ ಅಂತ ಕೇಳುತ್ತೇವೆ. ತುಂಬಿತು ಅಂದರೆ ಹಬ್ಬ. ಗದ್ದೆಗೆ ನೀರು, ಮನೆಗೆ ಅನ್ನ. ತುಂಬಿದ ಮೇಲೂ ಮೇಲಿಂದ ಬರುವ ನೀರು ಎಲ್ಲಿಗೆ ಹೋಗಬೇಕು ಅಂತ ಹಬ್ಬದ ದಿನ ಯಾರು ಯೋಚಿಸುತ್ತಾರೆ? ಸೋಮವಾರ ಸಂಜೆ ಊರಿಗೆ ಟಾಂಟಾಂ ಬಂತು. ಇಷ್ಟು ಕ್ಯೂಸೆಕ್ಸ್ ಬಿಡುತ್ತಾರೆ, ತಗ್ಗಿನವರು ಹುಷಾರು ಅಂತ.

"ಮೇಷ್ಟ್ರೆ, ಕ್ಯೂಸೆಕ್ಸ್ ಅಂದ್ರೆ ಎಲ್ಲಿಗಂಟ ಬತ್ತದೆ?" ಅಂತ ಮಾವ ಕೇಳಿದರು. ನನಗೆ ಗೊತ್ತಾಗಲಿಲ್ಲ. ನಿಜವಾಗಿ ಯಾರಿಗೆ ಗೊತ್ತಾಗುತ್ತದೆ? ಗರಡಿ ಮನೆ ಬಾಗಿಲಿಗೆ ಬರುತ್ತದಾ, ಅರಳಿಕಟ್ಟೆಗೆ ಬರುತ್ತದಾ ಅಂತ ಹೇಳಿದರೆ ನಮಗೆ ಅರ್ಥವಾದೀತು. ಅದನ್ನು ಹೇಳಬೇಕಾಗಿದ್ದದ್ದು ಒಂದು ಕಲ್ಲು. ಅದನ್ನು ನಾವು ಕೆಳಗೆ ಇಳಿಸಿ ಆಗಿತ್ತು.

"ಕಲ್ಲೈತೆ ಬುಡಿ ಮಾವ" ಅಂದ ನಿಂಗರಾಜು. ಹಸುಗಳನ್ನು ಎಂದಿನಂತೆ ಶೆಡ್ಡಿನಲ್ಲಿ ಕಟ್ಟಿ ಮಲಗಿದ.

ಬೆಳಿಗ್ಗೆ ಎದ್ದರೆ ಕಲ್ಲು ಕಾಣಲಿಲ್ಲ. ಟ್ರಾಕ್ಟರ್ ಬಂತು. ಹೆಂಡತಿ, ಮಕ್ಕಳು, ಸಾಮಾನು, ಟಿವಿ. ಅವನು ಮಾವನ ಜೊತೆ ಹಸುಗಳಿಗಾಗಿ ವಾಪಸ್ ಹೋಗುವಷ್ಟರಲ್ಲಿ ನೀರು ಅಂಗಳ ದಾಟಿತ್ತು. ಮುಂದೆ ಕಟ್ಟಿದ್ದ ಹಸುವನ್ನು ಬಿಚ್ಚಿ ಹೊಡೆದುಕೊಂಡು ಬಂದರು. ಹಿಂದಿನದು ಗೌರಿ. ಗಬ್ಬದ ಹಸು. ಎದೆಮಟ್ಟದ ನೀರಿನಲ್ಲಿ ಅವನು ಒಳಗೆ ಹೋದ. ನೆಂದ ಹಗ್ಗದ ಗಂಟು ಬಿಗಿದುಕೊಂಡಿತ್ತು. ಕುಡುಗೋಲು ಮನೆಯೊಳಗೆಲ್ಲೋ. ಹಲ್ಲಿನಲ್ಲಿ ಕಚ್ಚಿ ಎಳೆದನಂತೆ. ಮಾವ ದಿಣ್ಣೆಯ ಅಂಚಿನಲ್ಲಿ ನಿಂತು ಕಿರುಚುತ್ತಿದ್ದುದು ನನ್ನ ಮನೆಯವರೆಗೂ ಕೇಳಿಸಿತು.

"ಬುಟ್ಟು ಬಾರ್ಲಾ! ಲೇ ನಿಂಗ, ನಿನ್ ದಮ್ಮಯ್ಯ ಕಣ್ಲಾ, ಬುಟ್ಟು ಬಾರ್ಲಾ!"

ಬಂದ. ಬರಿಗೈಯಲ್ಲಿ ಬಂದ. ನನ್ನ ಅಂಗಳದಲ್ಲಿ ಕೂತು ಎರಡು ಕೈಯನ್ನೂ ನೋಡಿಕೊಂಡ. ಅಂಗೈ ಹಗ್ಗಕ್ಕೆ ಸಿಕ್ಕಿ ಸುಲಿದುಹೋಗಿತ್ತು. ಒಳಗಿದ್ದ ಟಿವಿಗೆ ನಾನು ಆಗಲೇ ಮೂಲೆ ಹುಡುಕಿ ಆಗಿತ್ತು.

ಇಷ್ಟಾದ ಮೇಲಾದರೂ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತಲ್ಲವೇ? ಕೇಳಿ. ಮೂರು ದಿನ ಮನೆ ತುಂಬ ಜನ. ಎಲ್ಲರೂ ಅವನನ್ನು ನೋಡಲು ಬಂದವರೇ. ಸರೋಜ ಮೊದಲ ಮುದ್ದೆ ಅವನ ತಟ್ಟೆಗೇ ಹಾಕಿದಳು. ನನ್ನ ಮಗ ಅವನ ತೊಡೆ ಬಿಟ್ಟು ಇಳಿಯಲಿಲ್ಲ. ಪೇಪರಿನವರು ಬಂದು ಮುಳುಗಿದ ಮನೆಯ ಮುಂದೆ ಅವನನ್ನು ನಿಲ್ಲಿಸಿ ಫೋಟೋ ತೆಗೆದರು. ಯಾರೋ ಲೀಡರ್ ಬಂದು ಅವನ ಕೈ ಹಿಡಿದುಕೊಂಡರು. ಬುಧವಾರ ಮಧ್ಯಾಹ್ನ ನನ್ನ ಹೊಸ ಜಗಲಿಗೂ ನೀರು ಬಂದಿತ್ತು ಸ್ವಾಮಿ! ಅದರ ಫೋಟೋ ಯಾರಾದರೂ ತೆಗೆದರಾ?

(ಗುರುವಾರ ಸ್ಕೂಲಿಗೆ ಹೋದೆ. ಸ್ಟಾಫ್ ರೂಮಿನಲ್ಲಿ ಎಲ್ಲ ಹೇಳಿಕೊಂಡೆ. ನಾಗಮಂಗಲದ ಕಡೆಯ ಸಹೋದ್ಯೋಗಿಯೊಬ್ಬರು ನಿಟ್ಟುಸಿರು ಬಿಟ್ಟು, "ಪುಣ್ಯವಂತ್ರು ಕಣ್ರೀ ನೀವು. ನಮ್ಮೂರ್ನಾಗೆ ಬಿಂದಿಗೆ ಸಾಲು ಮಡಗವ್ರೆ, ನಿಮ್ಮೂರ್ಗೆ ಹೊಳೆನೇ ಮನೆಗ್ ಬತ್ತದೆ" ಅಂದರು. ನನ್ನ ಮೇಲೂ ಹೊಟ್ಟೆಕಿಚ್ಚು ಪಡುವವರು ಇದ್ದಾರೆ ಅಂತ ತಿಳಿದು ಒಂದು ಕ್ಷಣ ಖುಷಿಯಾಯಿತು.)

ಅವತ್ತು ಸಂಜೆ ಮನೆಗೆ ಬಂದಾಗ ಜಯ ಅಂಗಳದಲ್ಲಿ ಉಳಿದ ಹಸುವಿನ ಹಾಲು ಕರೆಯುತ್ತಿದ್ದಳು. ಜೊತೆಯ ಹಸು ಇಲ್ಲದೆ ಅದು ಸರಿಯಾಗಿ ಸೊರೆ ಬಿಡುತ್ತಿರಲಿಲ್ಲ. ತಲೆ ಎತ್ತದೆ ಹೇಳಿದಳು:

"ಅವತ್ತು ನೀವು ಒಂದ್ ಮಾತು ಬ್ಯಾಡ ಅಂದಿದ್ರೆ ಕಲ್ಲ ಮುಟ್ತಿರ್ನಿಲ್ಲ ಭಾವ. ಇವ್ರು ಅಂಗಂತಲೇ ಇದ್ರು. ಮೇಷ್ಟ್ರು ಏನಂತಾರೋ ನೋಡನ, ಅವ್ರು ಬ್ಯಾಡ ಅಂದ್ರೆ ಬುಟ್ಬುಡದು ಅಂತ."

ಕೇಳುತ್ತಿದ್ದರಂತೆ. ನನ್ನ ಮಾತು ಯಾರೂ ಕೇಳಲ್ಲ ಅಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ. ಹೊಟ್ಟೆ ಉರಿದುಕೊಳ್ಳುವ ಅವಸರದಲ್ಲಿ, ಆ ಮನುಷ್ಯ ನನ್ನನ್ನು ದೊಡ್ಡವನು ಅಂತ ನಂಬಿದ್ದನ್ನೇ ನಾನು ನೋಡಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಳಗೆ ಮಕ್ಕಳೆಲ್ಲ ಕಲರ್ ಟಿವಿ ನೋಡುತ್ತಿದ್ದರು. ನನಗೆ ನೋಡಲಾಗಲಿಲ್ಲ.

ಇದು ನಮ್ಮ ಊರೊಂದರ ಕತೆಯಾ? ಪಾಂಡವಪುರದ ಬಸ್ಸಿನ ಕಿಟಕಿಯಲ್ಲಿ ಕೂತು ಲೋಕಪಾವನಿಯ ಅಂಚು ನೋಡಿ. ಕೆ.ಆರ್. ಪೇಟೆ ಕಡೆ ಹೋದರೆ ಹೇಮಾವತಿಯ ದಂಡೆ ನೋಡಿ. ಕೆರೆ ಅಂಗಳಗಳನ್ನು ನೋಡಿ. ಎಲ್ಲಾ ಕಡೆ ಯಾರೋ ಒಬ್ಬರು ಕಲ್ಲು ಇಳಿಸುತ್ತಿದ್ದಾರೆ. ಹಳ್ಳಿಯವರು ತಮಟೆ ಬಡಿದು ಇಳಿಸುತ್ತಾರೆ, ಪೇಟೆಯವರು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಇಳಿಸುತ್ತಾರೆ. ಗೆರೆ ಆಚೆ ಹೋದರೆ ಸೈಟು ನಾಲ್ಕು ಜಾಸ್ತಿ. ನೀರು ಮಾತ್ರ ನಕ್ಷೆ ನೋಡುವುದಿಲ್ಲ, ಅದಕ್ಕೆ ತನ್ನ ಜಾಗ ನೆನಪಿರುತ್ತದೆ. ಹತ್ತಿಪ್ಪತ್ತು ವರ್ಷ ಬರದಿದ್ದರೆ ನಾವು ಅದನ್ನು ನಮ್ಮ ಜಾಗ ಅಂತೀವಿ. ಮನೆಗಳನ್ನು ಮೇಲೆ ಇಟ್ಟು, ಸೌತೆಬಳ್ಳಿಯನ್ನು ಕೆಳಗೆ ಇಡಲು ಎಂಥ ವಿದ್ಯೆ ಬೇಕು? ಮಾವನ ಅಜ್ಜ ಸ್ಕೂಲಿಗೆ ಹೋದವರಲ್ಲ.

ಶನಿವಾರ ನೀರು ಇಳಿಯಿತು. ಭಾನುವಾರ ಬೆಳಿಗ್ಗೆ ಎಂಟು ಜನ ಹೋಗಿ ಮಣ್ಣಿನಲ್ಲಿ ಹೂತಿದ್ದ ಹೊಳೆಯಮ್ಮನ ಕಲ್ಲನ್ನು ಎತ್ತಿಕೊಂಡು ಬಂದರು. ಈ ಸಲ ತಮಟೆ ಇರಲಿಲ್ಲ.

ಮಾವ ಮುಂದೆ ಮುಂದೆ, ತಮ್ಮ ಗೂಟಗಳನ್ನು ಲೆಕ್ಕ ಹಾಕಿಕೊಂಡು ಬಂದರು. ಒಂದೊಂದೇ ಗೂಟ ದಾಟುತ್ತಾ ದಿಣ್ಣೆ ಹತ್ತಿದರು. ಕೊನೆಯ ಗೂಟ ಇರಲಿಲ್ಲ. ಅಲ್ಲಿ ಗೂಟ ಇಳಿದಿರಲಿಲ್ಲ, ಕಾರಣ ಅಲ್ಲಿ ಸಿಮೆಂಟ್ ಇತ್ತು. ಬುಧವಾರ ಅವರು ಇದ್ದಿಲಿನಲ್ಲಿ ಒಂದು ಗೆರೆ ಎಳೆದು ಗುರುತು ಮಾಡಿದ್ದರು.

ಆ ಗೆರೆ ನನ್ನ ಹೊಸ ಜಗಲಿಯ ನಟ್ಟನಡುವೆ ಇತ್ತು.

ಹಳೇ ಗುಂಡಿ ಎಲ್ಲಿತ್ತೋ ಸರಿಯಾಗಿ ಅಲ್ಲೇ. ಅಜ್ಜಂದಿರು ಒಂದು ಗೇಣೂ ತಪ್ಪಿರಲಿಲ್ಲ.

ಎಂಟು ಜನ ಕಲ್ಲನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು. ಎಲ್ಲರೂ ನನ್ನನ್ನು ನೋಡಿದರು. ನಿಂಗರಾಜುವೂ ನೋಡಿದ, ಬಟ್ಟೆ ಸುತ್ತಿದ ಕೈಯಲ್ಲಿ ಹಾರೆ ಹಿಡಿದುಕೊಂಡು. ಈಗಲಾದರೂ ನಾನು ಒಳ್ಳೆಯ ಮಾತು ಆಡಬೇಕಿತ್ತು. ಎಂಥ ಅವಕಾಶ! ಇಡೀ ಊರು ಎದುರಿಗಿತ್ತು.

ನಾನು ಬಾಯಿ ಬಿಟ್ಟೆ. "ಮಾವ, ಜಗಲಿ ಆಚೆ, ಆ ಮೂಲೆಗೆ ಇಟ್ಟರೆ ಆಗಲ್ವಾ? ಎರಡೇ ಮಾರು ಕೆಳಗೆ..."

ಮಾವ ನನ್ನನ್ನೇ ನೋಡಿದರು. ಮುಖ ಕೆಂಪಾಯಿತು.

"ಲೇ, ನೀನೂವೆ ಅಂಗೇ ಅಂತೀಯೇನ್ಲಾ? ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ! ಓಗಿದ್ದು ಒಂದ್ ಹಸ ಸಾಲ್ದೇನ್ಲಾ?"

ಹನ್ನೊಂದು ವರ್ಷ ಕಾದಿದ್ದ ಬೈಗುಳ. ಎಲ್ಲರೆದುರು, ಮೈ ತುಂಬ ಸಿಕ್ಕಿತು. ಅಳು ಬಂತು. ಯಾವುದಕ್ಕೆ ಅಂತ ಇನ್ನೂ ಗೊತ್ತಾಗಿಲ್ಲ. ನಾನು ನಿಂಗರಾಜುವಿನ ಕೈಯಿಂದ ಹಾರೆ ತೆಗೆದುಕೊಂಡೆ. ಮೊದಲ ಏಟು ನಾನೇ ಹಾಕಿದೆ. ಅಭ್ಯಾಸವಿಲ್ಲದ ಕೈ, ನಾಲ್ಕು ಏಟಿಗೆ ಏದುಸಿರು. ಅವನು ಸುಲಿದ ಅಂಗೈಯಲ್ಲೇ ಇನ್ನೊಂದು ಹಾರೆ ಹಿಡಿದು ಪಕ್ಕಕ್ಕೆ ನಿಂತ. "ಗೌರಿ ವಿಷ್ಯ, ಅವತ್ತು ನಾನು ಕಲ್ಲು ಇಳಿಸೋದು ಬೇಡ ಅಂತ ಹೇಳಬೇಕಿತ್ತು ಕಣೋ" ಅಂದೆ. "ಈಗ ಅದೆಲ್ಲ ಯಾಕ್ ಬುಡಣ್ಣ. ನೀ ಅತ್ಲಾಗ್ ಸರ್ಕೊ, ಕಾಲ್ ಮೇಲ್ ಆಕ್ಕೊಂಡೀಯ" ಅಂದ. ಮಧ್ಯಾಹ್ನದ ಹೊತ್ತಿಗೆ ಹೊಳೆಯಮ್ಮ ತನ್ನ ಗುಂಡಿಯಲ್ಲಿ ಕೂತಳು. ಸರೋಜ ಮತ್ತು ಜಯ ಅರಿಶಿನ ಕುಂಕುಮ ಹಚ್ಚಿದರು. ಅದು ಯಾಕೆ ಅಲ್ಲಿದೆ ಅಂತ ನಾನು ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೇಳಿದೆ. ಈ ಸಲ ನೋಟ್ಸ್ ಬರೆಸಲಿಲ್ಲ.

ಕೆಳಗಿನ ಮನೆಗೆ ನಿಂಗರಾಜು ವಾಪಸ್ ಹೋಗುವುದಿಲ್ಲ. ಅಲ್ಲಿ ಮತ್ತೆ ಸೌತೆ ಹಾಕುತ್ತಾನಂತೆ. ಮನೆಯನ್ನು ದಿಣ್ಣೆಯ ಮೇಲೆ, ನನ್ನ ಮಗ್ಗುಲಲ್ಲಿರುವ ತನ್ನ ಸೈಟಿನಲ್ಲೇ ಕಟ್ಟುತ್ತಾನೆ. ಕೇಳಿ ಮನಸ್ಸು ಹಗುರಾಯಿತು. ನಿಜವಾಗಿ ಹಗುರಾಯಿತು.

ಆಮೇಲೆ ಅವನು ಹೇಳಿದ, "ನನ್ ಸೈಟು ನಿಮ್ದುಕ್ಕಿಂತ ಒಂದಾಳು ಎತ್ರ ಐತೆ ಕಣಣ್ಣ. ತಾರಸಿ ಆಕುಸ್ಬುಟ್ರೆ ಹೊಳೆ ಪೂರ್ತಿ ಕಾಣ್ತದೆ, ಅತ್ಲಾಗೆ ಪಟ್ಣದ ಗೋಪುರಾನೂವೆ."

ಹೊಳೆಗೇನೋ ಕಲ್ಲು ನೆಟ್ಟಾಯಿತು. ನನ್ನ ಹೊಟ್ಟೆಕಿಚ್ಚಿಗೆ ಎಲ್ಲಿ ನೆಡಲಿ ಹೇಳಿ?